ಕ್ವೆಸ್ಟ್ 2 ವಿಆರ್ ಹೆಡ್‌ಸೆಟ್: ಲಕ್ವ ಹೊಡೆದ ಎಡಗೈ ಆಟದ ಮಧ್ಯೆ ಮಾಯ, ಪದೇ ಪದೇ ಮೆನು

ಪಿಟಿ_ಮಲೆನಾಡು:
ನಮಸ್ಕಾರ. ಪೇಷಂಟ್‌ಗೆ ಸ್ಟ್ರೋಕ್ ಆಗಿ ಐದು ತಿಂಗಳು. ಎಡಗೈ ಬೆರಳು ಬಿಗಿ (ಸ್ನಾಯು ಬಿಗಿತ ಅಳೆಯುವ ಆಶ್‌ವರ್ತ್ ಮಾಪಕದಲ್ಲಿ 2), ಭುಜ 60 ಡಿಗ್ರಿವರೆಗೆ ಏಳುತ್ತದೆ. ಕುರ್ಚಿಯಲ್ಲಿ ಕೂತು ಬಲೂನ್ ಒಡೆಯುವ ಗೇಮ್, ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಇಲ್ಲದೆ ಹ್ಯಾಂಡ್ ಟ್ರ್ಯಾಕಿಂಗ್ (ಹೆಡ್‌ಸೆಟ್ ಕ್ಯಾಮೆರಾ ಬರಿಗೈಯನ್ನೇ ಗುರುತಿಸೋದು). ಕೈ ತೊಡೆಗಿಳಿದರೆ ಪರದೆಯಲ್ಲಿ ಮಾಯ. ಮೇಲೆತ್ತಿದರೆ ಮೆನು ತೆರೆದು ಆಟ ನಿಲ್ಲುತ್ತದೆ. ಎರಡು ವಾರದಲ್ಲಿ ಸ್ಕೋರು 14ರಿಂದ 31 ಆಗಿದೆ, ಲೋಟ ಹಿಡಿಯೋದು ಮಾತ್ರ ಮೊದಲಿನಷ್ಟೇ ಕಷ್ಟ.

ಒಟಿ_ಕರಾವಳಿ:
ಮೆನು ಬರೋದು ಹೆಡ್‌ಸೆಟ್ ಕೆಟ್ಟು ಅಲ್ಲ ಸರ್. ಅಂಗೈ ಮುಖದತ್ತ ತಿರುಗಿಸಿ ಹೆಬ್ಬೆರಳು, ತೋರುಬೆರಳು ಜೋಡಿಸಿದರೆ ಅದು ಮೆನು ಸನ್ನೆ. ಬಿಗಿದ ಮುಷ್ಟಿಯಲ್ಲಿ ಆ ಎರಡು ಬೆರಳು ಅಂಟಿಕೊಂಡೇ ಇರುತ್ತವಲ್ಲ, ಕ್ಯಾಮೆರಾ ಮೋಸ ಹೋಗುತ್ತೆ. ಆಟಕ್ಕೆ ಮೊದಲು ಮಣಿಕಟ್ಟು, ಬೆರಳು ನಿಧಾನವಾಗಿ ಎಳೆದು ಬಿಡಿಸಿ. ಆಗಲೂ ತೆರೆಯದಿದ್ದರೆ ಹ್ಯಾಂಡ್ ಟ್ರ್ಯಾಕಿಂಗ್ ಬಿಟ್ಟು ಕಂಟ್ರೋಲರನ್ನೇ ಕ್ರೇಪ್ ಬ್ಯಾಂಡೇಜಿನಿಂದ ಕೈಗೆ ಸುತ್ತಿ. ಮೇಲಿನ ಉಂಗುರ ಮುಚ್ಚಬೇಡಿ, ಟ್ರ್ಯಾಕಿಂಗ್ ದೀಪಗಳು ಅದರೊಳಗಿವೆ. ಬೆರಳ ತುದಿ ಬಿಳಿಚಿಕೊಂಡರೆ ಕೂಡಲೇ ಸಡಿಲಿಸಿ. ಟ್ರಿಗರ್ ಒತ್ತದೆ, ತಾಗಿದರೆ ಸಾಕು ಅನ್ನೋ ಗೇಮ್ ಆರಿಸಿ.

ಕೈ ಮಾಯವಾಗೋದು ತೊಡೆ ಕ್ಯಾಮೆರಾದ ನೋಟದಿಂದ ಆಚೆ ಇರೋದರಿಂದ. ಮೊಣಕೈ ಎತ್ತರಕ್ಕೆ ಮೇಜಿಡಿ, ಕೈ ಅದರ ಮೇಲೇ ವಿಶ್ರಮಿಸಲಿ. ಮೈಬಣ್ಣಕ್ಕೆ ಹೊಂದದ ಒಂದೇ ಬಣ್ಣದ ಬಟ್ಟೆ ಹಾಸಿ, ಟ್ಯೂಬ್‌ಲೈಟ್ ಹಾಕಿ, ಕಿಟಕಿ ಬಿಸಿಲಿಗೆ ಪರದೆ ಎಳೆಯಿರಿ. ಸ್ಪ್ಲಿಂಟ್ (ಕೈಗೆ ಕಟ್ಟುವ ಆಸರೆ ಪಟ್ಟಿ) ಹಾಕಿದ ಕೈಯನ್ನು ಅದು ಸರಿಯಾಗಿ ಗುರುತಿಸೋಲ್ಲ.

ನ್ಯೂರೋಫಿಸಿಯೋ_72:
ಸ್ಕೋರು ಏರಿ ಕೈ ಏರದಿದ್ದರೆ ಅನುಮಾನ ಬೆನ್ನಿನ ಮೇಲೆ. ಪಕ್ಕದಿಂದ ನೋಡಿ: ಮೊಣಕೈ ಮಡಿಚಿಯೇ ಇರುತ್ತೆ, ಸೊಂಟದಿಂದ ಇಡೀ ದೇಹ ಮುಂದೆ ಬಾಗಿ ಬಲೂನ್ ಒಡೆದಿರುತ್ತೆ. ಗೇಮ್‌ಗೆ ಎರಡೂ ಒಂದೇ, ಅಂಕ ಕೊಡುತ್ತೆ. ಎದೆಗೆ ಅಗಲ ಟವೆಲ್ ಸುತ್ತಿ ಕುರ್ಚಿ ಬೆನ್ನಿಗೆ ಕಟ್ಟಿ. ಬೆನ್ನು ಒರಗಿದ್ದಾಗಲೇ ರೀಸೆಂಟರ್ (ಆಟದ ನೋಟವನ್ನು ಕೂತ ಜಾಗಕ್ಕೆ ಹೊಂದಿಸೋದು) ಮಾಡಿ. ಬಾಗಿದ್ದಾಗ ಮಾಡಿದರೆ ಗುರಿಗಳೂ ಅಷ್ಟೇ ಮುಂದೆ ಹೋಗಿ ಕೂರುತ್ತವೆ.

2016ರ ಎವರೆಸ್ಟ್ ಟ್ರಯಲ್‌ನಲ್ಲಿ ಸ್ಟ್ರೋಕ್ ಆದ 141 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಂಟೆಂಡೊ ವೀ ವಿಡಿಯೋ ಗೇಮ್, ಇನ್ನೊಂದಕ್ಕೆ ಇಸ್ಪೀಟಿನಂಥ ಸಾಮಾನ್ಯ ಆಟ ಕೊಟ್ಟರು. ಕೈಯ ಸುಧಾರಣೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹೆಡ್‌ಸೆಟ್ ಕಂಡು ಮರುಳಾಗಬೇಡಿ. ಆಟ ಮುಗಿದ ಮೇಲೆ ಲೋಟ, ಬಟನ್, ಬೀಗ ಕೊಟ್ಟು ಅಭ್ಯಾಸ ಮಾಡಿಸಿ. ವಾರಕ್ಕೊಮ್ಮೆ 60 ಸೆಕೆಂಡಿನ ಬಾಕ್ಸ್ ಅಂಡ್ ಬ್ಲಾಕ್ ಟೆಸ್ಟ್ (ಪೆಟ್ಟಿಗೆಯ ಒಂದು ಭಾಗದಿಂದ ಇನ್ನೊಂದಕ್ಕೆ ಎಷ್ಟು ಮರದ ತುಂಡು ಸಾಗಿಸುತ್ತಾರೆ ಅಂತ ಎಣಿಸೋದು) ಮಾಡಿ ಬರೆದಿಡಿ.

ಪಿಟಿ_ಮಲೆನಾಡು:
ಟವೆಲ್ ಕಟ್ಟಿದ ದಿನವೇ ಸ್ಕೋರು 31ರಿಂದ 17ಕ್ಕಿಳಿಯಿತು! ಮೇಜು ಇಟ್ಟ ಮೇಲೆ ಕೈ ಮಾಯವಾಗಿಲ್ಲ. ಐದನೇ ನಿಮಿಷಕ್ಕೆ ಕಣ್ಣು ಮಂಜು, ವಾಕರಿಕೆ ಅಂತಾರೆ.

ಒಟಿ_ಕರಾವಳಿ:
ಲೆನ್ಸ್ ಅಂತರ ನೋಡಿದ್ದೀರಾ? ಕ್ವೆಸ್ಟ್ 2ರಲ್ಲಿ 58, 63, 68 ಮಿ.ಮೀ. ಹೀಗೆ ಮೂರೇ ಹಂತ. ಕೈಯಿಂದ ಲೆನ್ಸ್ ಸರಿಸಿ, ಅಕ್ಷರ ಸ್ಪಷ್ಟ ಕಾಣೋದನ್ನು ಇಟ್ಟುಕೊಳ್ಳಿ. ಕನ್ನಡಕ ಇದ್ದರೆ ಸ್ಪೇಸರ್ (ಕನ್ನಡಕಕ್ಕೆ ಜಾಗ ಬಿಡುವ ಚೌಕಟ್ಟು) ಹಾಕಿ. ಹಾಗೂ ಒಂದು ವಸ್ತು ಎರಡಾಗಿ ಕಂಡರೆ, ಅಥವಾ ಫಿಟ್ಸ್ ಬಂದ ಇತಿಹಾಸ ಇದ್ದರೆ, ನ್ಯೂರಾಲಜಿಸ್ಟ್ ಒಪ್ಪೋವರೆಗೆ ಹೆಡ್‌ಸೆಟ್ ಪೆಟ್ಟಿಗೆಯಲ್ಲೇ ಇರಲಿ.