ಹಳೇ ಕ್ಯಾಮೆರಾ ಬದಲಾಯಿಸಬೇಕು, ಹೊಸದು ಮನೆಯೊಳಗಿನದ್ದನ್ನು ಹೊರಗೆ ಕಳಿಸದ ಹಾಗೆ ಮಾಡುವುದು ಹೇಗೆ?

ಹೊಸಿಲು:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾಲ್ಕು ವೈಫೈ ಕ್ಯಾಮೆರಾ ಇವೆ, ಹಾಕಿ ಏಳು ವರ್ಷವಾಯಿತು. ಎರಡು ಹೊರಗೆ, ಒಂದು ಮೆಟ್ಟಿಲ ಹತ್ತಿರ, ಒಂದು ಹಾಲ್‌ನಲ್ಲಿ. ಅಮ್ಮ ಒಮ್ಮೆ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಳು, ಆಮೇಲೆ ಹಾಲ್‌ನಲ್ಲಿ ಹಾಕಿಸಿದ್ದು. ಈಗ ಚಿತ್ರ ಮಸುಕಾಗಿದೆ, ಕಂಪನಿಯವರು ಅಪ್‌ಡೇಟ್ ಕೊಡುವುದನ್ನೂ ನಿಲ್ಲಿಸಿದ್ದಾರೆ. ಹೊಸದು ತೆಗೆದುಕೊಳ್ಳುವ ಮುಂಚೆ ಸುಮ್ನೆ ರೂಟರ್ ತೆರೆದು ನೋಡಿದೆ. ಯಾರೂ ಆಪ್ ಮುಟ್ಟದ ನಡುರಾತ್ರಿಯಲ್ಲೂ ಹಾಲ್ ಕ್ಯಾಮೆರಾ ಹೊರಗಿನ ಯಾವುದೋ ಸರ್ವರ್ ಜೊತೆ ಮಾತಾಡುತ್ತಲೇ ಇದೆ. ಅಮ್ಮ ಅಲ್ಲೇ ಕೂತು ತಲೆ ಬಾಚಿಕೊಳ್ಳುತ್ತಾಳೆ, ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಾಳೆ. ಅದನ್ನ ನೆನೆಸಿಕೊಂಡರೆ ನಿದ್ದೆ ಬರುತ್ತಿಲ್ಲ. ಈ ಸಲ ಕ್ಲೌಡ್, ಅಂದ್ರೆ ಕಂಪನಿಯ ಸರ್ವರ್‌ಗೆ ವಿಡಿಯೋ ಕಳಿಸುವುದು, ಬೇಡ ಅನ್ನಿಸಿದೆ. ಏನು ನೋಡಿ ಕೊಳ್ಳಬೇಕು? ಹಳೆಯವನ್ನು ಏನು ಮಾಡಲಿ?

ತಂತಿಜಾಲ:
ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ರಾತ್ರಿ ಮಾತಾಡುತ್ತಿದೆ ಅಂದಮಾತ್ರಕ್ಕೆ ಯಾರೋ ನೋಡುತ್ತಿದ್ದಾರೆ ಅಂತಲ್ಲ. ನೀವು ಹೊರಗಿದ್ದಾಗ ಆಪ್‌ಗೆ ಕ್ಯಾಮೆರಾ ಸಿಗಬೇಕಲ್ವಾ, ಅದಕ್ಕೆ ಅದು ಕಂಪನಿ ಸರ್ವರ್ ಜೊತೆ ಸದಾ ಒಂದು ಸಂಪರ್ಕ ಇಟ್ಟುಕೊಂಡಿರುತ್ತದೆ. ನೋಡಬೇಕಾದ್ದು ಎಷ್ಟು ಡೇಟಾ ಹೋಗುತ್ತಿದೆ ಅನ್ನೋದು. 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ವೇಗದಲ್ಲಿ ವಿಡಿಯೋ ಹೋಗುತ್ತಿದ್ದರೆ ಗಂಟೆಗೆ 900 ಎಂಬಿ ಆಗುತ್ತದೆ. ಇಡೀ ರಾತ್ರಿಗೆ ಕೆಲವೇ ಎಂಬಿ ಇದ್ದರೆ ರಾತ್ರಿಯೆಲ್ಲ ವಿಡಿಯೋ ಹೋಗುತ್ತಿಲ್ಲ ಅಂತ.

ಆದರೂ ಕ್ಲೌಡ್ ಬೇಡ ಅನ್ನುವ ನಿಮ್ಮ ಮಾತು ಸರಿ. 2024ರ ಫೆಬ್ರವರಿಯಲ್ಲಿ ವೈಜ್ ಅನ್ನೋ ಕ್ಯಾಮೆರಾ ಕಂಪನಿಯ ಸರ್ವರ್‌ಗಳು ಬಿದ್ದು ಮೇಲೆದ್ದಾಗ ಸುಮಾರು 13,000 ಜನರಿಗೆ ಬೇರೆಯವರ ಮನೆಯ ಚಿತ್ರಗಳು ಕಾಣಿಸಿದವು. ಆ ಮನೆಯವರು ಎಷ್ಟೇ ಗಟ್ಟಿ ಪಾಸ್‌ವರ್ಡ್ ಇಟ್ಟಿದ್ದರೂ ತಡೆಯೋಕೆ ಆಗುತ್ತಿರಲಿಲ್ಲ, ಯಾಕಂದ್ರೆ ತಪ್ಪಾಗಿದ್ದು ಅವರ ಕೈಗೆ ಸಿಗದ ಜಾಗದಲ್ಲಿ.

ನಾನಾದರೆ ಕೇಬಲ್ ಎಳೆಯುತ್ತೇನೆ. ಪಿಓಇ ಕ್ಯಾಮೆರಾ (ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟೂ ಚಿತ್ರವೂ ಹೋಗುವಂಥದ್ದು), ಮನೆಯಲ್ಲೇ ಒಂದು ಎನ್‌ವಿಆರ್, ಅಂದ್ರೆ ಕ್ಯಾಮೆರಾಗಳ ವಿಡಿಯೋ ರೆಕಾರ್ಡ್ ಮಾಡುವ ಪೆಟ್ಟಿಗೆ. ಕ್ಯಾಮೆರಾಗೆ ಆನ್‌ವಿಫ್, ಆರ್‌ಟಿಎಸ್‌ಪಿ (ಬೇರೆ ಕಂಪನಿಯ ಸಾಧನಗಳ ಜೊತೆಗೂ ಕೆಲಸ ಮಾಡಿಸುವ ಸಾಮಾನ್ಯ ಪದ್ಧತಿಗಳು) ಎರಡೂ ಇರಲಿ, ಆಗ ಅದೇ ಕಂಪನಿಯ ಆಪ್‌ಗೆ ಜೋತು ಬೀಳಬೇಕಿಲ್ಲ. ಆಮೇಲೆ ರೂಟರ್‌ನಲ್ಲಿ ಕ್ಯಾಮೆರಾಗಳಿಗೆ ಇಂಟರ್‌ನೆಟ್ ಪೂರ್ತಿ ಬಂದ್ ಮಾಡಿ, ಯುಪಿಎನ್‌ಪಿ (ಸಾಧನಗಳು ತಾವಾಗೇ ರೂಟರ್‌ನಲ್ಲಿ ಹೊರಗಿನ ದಾರಿ ತೆರೆದುಕೊಳ್ಳುವ ಸೌಲಭ್ಯ) ಆಫ್ ಮಾಡಿ. ಹೊರಗಿಂದ ನೋಡೋಕೆ ರೂಟರ್‌ನಲ್ಲಿ ಪೋರ್ಟ್ (ಹೊರಗಿಂದ ಒಳಬರುವ ದಾರಿ) ತೆರೆದು ಎನ್‌ವಿಆರ್ ಅನ್ನು ಇಂಟರ್‌ನೆಟ್‌ಗೆ ಒಡ್ಡಲೇಬೇಡಿ, ವೈರ್‌ಗಾರ್ಡ್ ಥರದ ವಿಪಿಎನ್ (ನಿಮ್ಮ ಫೋನ್‌ನಿಂದ ಮನೆಯ ನೆಟ್‌ವರ್ಕ್‌ಗೆ ಗುಪ್ತ ಸಂಪರ್ಕ) ಹಾಕಿ. ಒಂದು ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಇಂಟರ್‌ನೆಟ್ ಬಂದ್ ಮಾಡಿದ ಮೇಲೆ ಕ್ಯಾಮೆರಾದ ಗಡಿಯಾರ ನಿಧಾನಕ್ಕೆ ತಪ್ಪುತ್ತಾ ಹೋಗುತ್ತದೆ, ಬೇಕಾದ ದಿನ ರೆಕಾರ್ಡಿಂಗ್ ತೆಗೆದರೆ ಸಮಯವೇ ಸರಿ ಇರುವುದಿಲ್ಲ. ಎನ್‌ವಿಆರ್‌ನಿಂದಲೇ ಸಮಯ ತೆಗೆದುಕೊಳ್ಳುವ ಹಾಗೆ ಎನ್‌ಟಿಪಿ (ಗಡಿಯಾರ ಸರಿಹೊಂದಿಸುವ ವ್ಯವಸ್ಥೆ) ಸೆಟ್ ಮಾಡಿ.

ಮೂರನೇ ಮಹಡಿ:
ತಂತಿಜಾಲ ಅವರು ಹೇಳಿದ್ದು ಒಳ್ಳೇ ದಾರಿ, ಆದ್ರೆ ಎಲ್ಲರ ಕೈಯಲ್ಲೂ ಆಗುವಂಥದ್ದಲ್ಲ. ಗೋಡೆ ಕೊರೆಯೋಕೆ ಆಗದಿದ್ದರೆ ಮೆಮೊರಿ ಕಾರ್ಡ್‌ಗೆ ರೆಕಾರ್ಡ್ ಮಾಡುವ ವೈಫೈ ಕ್ಯಾಮೆರಾ ತಗೊಂಡು ರೂಟರ್‌ನ ಗೆಸ್ಟ್ ನೆಟ್‌ವರ್ಕ್‌ಗೆ (ಅತಿಥಿಗಳಿಗೆ ಅಂತ ಇರುವ ಬೇರೆ ವೈಫೈ) ಹಾಕಿ, ಕಂಪ್ಯೂಟರ್ ಇರುವ ನೆಟ್‌ವರ್ಕ್‌ನಿಂದ ಬೇರೆ ಇರಲಿ. ಖಾತೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್, ಎರಡು ಹಂತದ ಲಾಗಿನ್. 2016ರಲ್ಲಿ ಮಿರಾಯ್ ಅನ್ನೋ ಕುತಂತ್ರಾಂಶ ಕ್ಯಾಮೆರಾ, ಡಿವಿಆರ್‌ಗಳನ್ನು (ವಿಡಿಯೋ ರೆಕಾರ್ಡ್ ಮಾಡುವ ಪೆಟ್ಟಿಗೆಗಳನ್ನು) ಲಕ್ಷಗಟ್ಟಲೆ ಹಿಡಿದದ್ದು ಯಾವ ದೊಡ್ಡ ವಿದ್ಯೆಯಿಂದಲೂ ಅಲ್ಲ. ಕಾರ್ಖಾನೆಯಿಂದ ಬಂದ ಅರವತ್ತರಷ್ಟು ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿತು, ಅಷ್ಟೇ.

ಡಬ್ಬಿ ಮೇಲೆ 'ಎಲ್ಲಾ ಮನೆಯಲ್ಲೇ ಉಳಿಯುತ್ತದೆ' ಅಂತ ಬರೆದದ್ದನ್ನು ಹಾಗೇ ನಂಬಬೇಡಿ. ಯೂಫಿ ಅನ್ನೋ ಕ್ಯಾಮೆರಾ ಕಂಪನಿ ಹಾಗೆ ಹೇಳಿಕೊಂಡಿತ್ತು, ನೋಟಿಫಿಕೇಶನ್‌ಗೆ ಬೇಕಾದ ಚಿಕ್ಕ ಚಿತ್ರಗಳು ಕ್ಲೌಡ್‌ಗೆ ಹೋಗುತ್ತಿದ್ದವು ಅಂತ 2022ರಲ್ಲಿ ಹೊರಗೆ ಬಂತು. ತಂದ ದಿನವೇ ರೂಟರ್‌ಗೆ ಬರುವ ಇಂಟರ್‌ನೆಟ್ ಕೇಬಲ್ ಕಿತ್ತು ನೋಡಿ. ವೈಫೈ ಮಾತ್ರ ಇದ್ದಾಗ ಏನು ನಡೆಯುತ್ತದೆ, ಏನು ನಿಲ್ಲುತ್ತದೆ ಅಂತ ಕಣ್ಣಾರೆ ಗೊತ್ತಾಗುತ್ತದೆ. ಇಷ್ಟವಾಗದಿದ್ದರೆ ವಾಪಸ್ ಕೊಡೋಕೆ ಸಮಯವೂ ಇರುತ್ತದೆ.

ಹೊಸಿಲು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಾತ್ರಿಯ ಲೆಕ್ಕ ನೋಡಿದೆ, ಬೆಳಗಿನವರೆಗೆ 6 ಎಂಬಿ. ರಾತ್ರಿಯೆಲ್ಲ ವಿಡಿಯೋ ಹೋಗುತ್ತಿಲ್ಲ ಅಂತಾಯಿತು. ಆದ್ರೆ ಆಪ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸೋಕೆ ಹೋದಾಗ ಕೈಕಾಲು ತಣ್ಣಗಾಯಿತು. 'ಹಂಚಿಕೊಂಡವರು' ಅನ್ನೋ ಪಟ್ಟಿಯಲ್ಲಿ ನಮ್ಮ ಮನೆಯವರದ್ದಲ್ಲದ ಒಂದು ನಂಬರ್ ಇತ್ತು. ಏಳು ವರ್ಷದ ಹಿಂದೆ ಕ್ಯಾಮೆರಾ ಜೋಡಿಸೋಕೆ ಬಂದವರದ್ದು! ಅವತ್ತು ಪರೀಕ್ಷೆ ಮಾಡೋಕೆ ತಮ್ಮ ಫೋನ್ ಸೇರಿಸಿಕೊಂಡಿದ್ದರು, ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಅವರು ನೋಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ನೋಡಬಹುದಿತ್ತು ಅನ್ನೋದೇ ಸಾಕು. ಈಗ ತೆಗೆದು ಹಾಕಿದ್ದೇನೆ.

ಅಂಗಳ:
ನೀವು ಅದನ್ನ ಇಲ್ಲಿ ಬರೆದದ್ದು ಒಳ್ಳೆಯದಾಯಿತು, ಓದಿದವರೆಲ್ಲ ಇವತ್ತೇ ತಮ್ಮ ಆಪ್ ತೆರೆದು ಆ ಪಟ್ಟಿ ನೋಡಿ. ಹೊಸದನ್ನು ಯಾರೇ ಜೋಡಿಸಲಿ, ಖಾತೆ ನಿಮ್ಮ ಫೋನ್‌ನಲ್ಲೇ ತೆರೆಯಿರಿ, ಅಡ್ಮಿನ್ ಪಾಸ್‌ವರ್ಡ್ ನೀವೇ ಟೈಪ್ ಮಾಡಿ.

ಹಳೆಯವನ್ನು ಹಾಗೇ ಗುಜರಿಗೆ ಕೊಡಬೇಡಿ. ಅವುಗಳೊಳಗೆ ನಿಮ್ಮ ವೈಫೈ ಪಾಸ್‌ವರ್ಡ್ ಉಳಿದಿರುತ್ತದೆ. ಆಪ್‌ನಿಂದ ಒಂದೊಂದನ್ನೂ ತೆಗೆಯಿರಿ, ಫ್ಯಾಕ್ಟರಿ ರಿಸೆಟ್ ಮಾಡಿ, ಮೆಮೊರಿ ಕಾರ್ಡ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಆಮೇಲೆ ವೈಫೈ ಪಾಸ್‌ವರ್ಡನ್ನೂ ಬದಲಾಯಿಸಿಬಿಡಿ. ಹೊಸದರಲ್ಲಿ ಮೈಕ್ ಬೇಕಿಲ್ಲದಿದ್ದರೆ ಆಫ್ ಮಾಡಿ, ಚಿತ್ರಕ್ಕಿಂತ ಮಾತು ಜಾಸ್ತಿ ಹೇಳಿಬಿಡುತ್ತದೆ.

ಇನ್ನೊಂದು, ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ಹಾಲ್‌ನಲ್ಲಿ ಕ್ಯಾಮೆರಾ ಇರಬೇಕಾ ಅಂತ ನಿಮ್ಮ ತಾಯಿಯನ್ನು ಕೇಳಿದ್ದೀರಾ?

ಹೊಸಿಲು:
ಕೇಳಿರಲಿಲ್ಲ. ನಿನ್ನೆ ರಾತ್ರಿ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಬೇಜಾರು ಮಾಡಿಕೊಳ್ತೀಯ ಅಂತ ಹೇಳಲಿಲ್ಲ ಕಣೋ, ಮುಲಾಮು ಹಚ್ಚುವಾಗ ಕುರ್ಚಿ ಆ ಕಡೆ ತಿರುಗಿಸಿಕೊಳ್ತಿದ್ದೆ" ಅಂದಳು. ಕುರ್ಚಿ ಕಾಲಿನ ಗೀರು ನೆಲದ ಮೇಲೆ ಇದೆ, ದಿನಾ ನೋಡುತ್ತಿದ್ದೆ, ಯಾಕೆ ಅಂತ ಯೋಚಿಸಿರಲಿಲ್ಲ. ಹಾಲ್‌ನದ್ದನ್ನು ಆಗಲೇ ಬಿಚ್ಚಿದೆ. ಬಿದ್ದರೆ ಒತ್ತೋಕೆ ಕೊರಳಿಗೆ ಹಾಕಿಕೊಳ್ಳುವ ಗುಂಡಿ ಸಾಕು ಅಂತ ಅವಳೇ ಹೇಳಿದ್ದಾಳೆ. ಹೊರಗಿನ ಎರಡಕ್ಕೆ, ಮೆಟ್ಟಿಲಿನದ್ದಕ್ಕೆ ಮಾತ್ರ ಕೇಬಲ್ ಎಳೆಸುತ್ತೇನೆ. ತಂತಿಜಾಲ ಅವರೇ, ಮೂರು ಕ್ಯಾಮೆರಾಗೆ ನಾಲ್ಕು ಪೋರ್ಟ್‌ನ (ನಾಲ್ಕು ಕೇಬಲ್ ಜೋಡಿಸಬಹುದಾದ) ಎನ್‌ವಿಆರ್ ಸಾಕಲ್ವಾ?

ತಂತಿಜಾಲ:
ಧಾರಾಳವಾಗಿ ಸಾಕು. ಹಾರ್ಡ್ ಡಿಸ್ಕ್ ಮಾತ್ರ ಸಿಸಿಟಿವಿಗೆ ಅಂತಲೇ ಬರುವುದನ್ನು ಹಾಕಿಸಿ.