ಸಹಾಯ ಬೇಕು: ಕ್ರಿಸ್‌ಮಸ್ ಮಾಸ್ ಎಂದು ತಂದ ಅಕ್ವೇರಿಯಂ ಹಾವಸೆ ಜಾವಾ ಮಾಸ್ ಇರಬಹುದೇ?

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಕ್ರಿಸ್‌ಮಸ್ ಮಾಸ್ ಎಂದು ಕೊಟ್ಟ ಹಾವಸೆಯನ್ನು ತಂದು, ಸೀಗಡಿಗಳಿರುವ ನನ್ನ ಅಕ್ವೇರಿಯಂನ ಮರದ ತುಂಡಿಗೆ ಹತ್ತಿಯ ದಾರದಿಂದ ಕಟ್ಟಿದ್ದೇನೆ. ನೀರು 24 ಡಿಗ್ರಿಯ ಆಸುಪಾಸಿನಲ್ಲಿದ್ದು, ಬೆಳವಣಿಗೆಯೂ ಚೆನ್ನಾಗಿದೆ. ಆದರೆ ಕೆಳಕ್ಕೆ ಬಾಗಿದ ತ್ರಿಕೋನಾಕಾರದ ಕವಲುಗಳು ಮೂಡುವ ಬದಲು ಎಳೆಗಳು ಅಡ್ಡಾದಿಡ್ಡಿಯಾಗಿ ಮೇಲಕ್ಕೇಳುತ್ತಿವೆ. ಬೆಳಕು ಹೆಚ್ಚಿಸಿ, ಎರಡು ಬಾರಿ ತುದಿ ಕತ್ತರಿಸಿದರೂ ರೂಪ ಬದಲಾಗಲಿಲ್ಲ.

ಕೊನೆಗೆ ಒಂದು ಎಲೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದೆ. ನಡುಭಾಗದ ಜೀವಕೋಶಗಳು ಉದ್ದವಾಗಿ, ಸಪೂರವಾಗಿ ಕಂಡವು. ಇದು ಜಾವಾ ಮಾಸ್ ಸೇರಿರುವ ಟ್ಯಾಕ್ಸಿಫಿಲಮ್ ಕುಲದ ಲಕ್ಷಣ. ಕ್ರಿಸ್‌ಮಸ್ ಮಾಸ್‌ನ ಕುಲವಾದ ವೆಸಿಕ್ಯುಲೇರಿಯಾದಲ್ಲಿ ಕೋಶಗಳು ಗಿಡ್ಡವಾಗಿ, ಅಗಲವಾಗಿರುತ್ತವೆ. ಆದರೆ ಇದೇ ಎಲೆಯ ಬುಡದಲ್ಲಿ ಅಗಲವಾದ ಕೋಶಗಳೂ ಇದ್ದುದೇ ನನ್ನ ಗೊಂದಲಕ್ಕೆ ಕಾರಣ.

ಕುಲವನ್ನು ನಿರ್ಧರಿಸಲು ಎಲೆಯ ಯಾವ ಭಾಗದ ಕೋಶಗಳನ್ನು ನಂಬಬೇಕು? ಕಾಡಿನಿಂದ ಕಿತ್ತು ತಂದದ್ದಲ್ಲದ, ಅಕ್ವೇರಿಯಂನಲ್ಲೇ ಬೆಳೆಸಿದ ಕ್ರಿಸ್‌ಮಸ್ ಮಾಸ್ ಒಂದು ಹಿಡಿಯಷ್ಟು ನಿಮ್ಮಲ್ಲಿ ಯಾರ ಬಳಿಯಾದರೂ ಸಿಗಬಹುದೇ?