ಸತ್ತ ಕುದುರೆಗೆ ಚಾಟಿ: ನಮ್ಮ ರೈಲಿಗೆ ಈ ಮಾತು ಹೊಂದುತ್ತದಾ?

ಅಂಕೋಲೆಯವ: ಹುಬ್ಬಳ್ಳಿ–ಅಂಕೋಲಾ ರೈಲಿಗಾಗಿ ಇನ್ನೊಂದು ಮನವಿ ಬರೆದೆವು. ಸಹಿ ಕೇಳಿದರೆ ಶಿರಸಿಯ ಗೆಳೆಯ ‘ಫ್ಲಾಗಿಂಗ್ ಎ ಡೆಡ್ ಹಾರ್ಸ್’ ಅಂದುಬಿಟ್ಟ. ಸತ್ತ ಕುದುರೆಗೆ ಚಾಟಿ ಬೀಸುವುದಂತೆ. ಕನ್ನಡದಲ್ಲಿ ಇದಕ್ಕೆ ಏನನ್ನುತ್ತಾರೆ?

ಘಟ್ಟದ ಮೇಲಿನವ: ಆ ಗೆಳೆಯ ನಾನೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನು, ಮುಗೀತು.

ಕುಮಟಾ ಅಕ್ಕೋರು: ಇಲ್ಲ, ಎರಡೂ ಒಂದೇ ಅಲ್ಲ. ಹೊಳೆಯಲ್ಲಿ ತೊಳೆದರೆ ಶ್ರಮದ ಜೊತೆ ಹಣ್ಣೂ ಹೋಗುತ್ತದೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೊರತೆ ಕೇಳುವವನದ್ದು. ಇಲ್ಲಿ ಕುದುರೆ ಒಂದು ಕಾಲಕ್ಕೆ ಗಾಡಿ ಎಳೆದಿತ್ತು. ಈಗ ಸತ್ತಿದೆ. ಚಾಟಿ ಹಿಡಿದವನಿಗೆ ಮಾತ್ರ ಅದು ತಿಳಿದಿಲ್ಲ. ‘ವಿಷಯ ಮುಗಿದಿದೆ’ ಅಂತ ತೀರ್ಪು ಕೊಟ್ಟ ಮೇಲೇ ಈ ಮಾತು ಆಡಲು ಬರುವುದು.

ಬೈತಖೋಲ ಬೋಟಿನವ: ಹಿಂದೆ ಇಂಗ್ಲಿಷ್ ನಾವಿಕರು ಮುಂಗಡ ತಗೊಂಡು ದಡದಲ್ಲೇ ಖರ್ಚು ಮಾಡಿಬಿಡುತ್ತಿದ್ದರು. ಆಮೇಲೆ ಆ ಸಾಲ ತೀರುವ ತನಕ ಮಾಡುವ ದುಡಿಮೆಗೆ ‘ಸತ್ತ ಕುದುರೆ’ ಅಂತಲೇ ಹೆಸರು. ಜೂನ್, ಜುಲೈ ಬೋಟು ಬಂದ್ ಇದ್ದಾಗ ಮುಂಗಡದಲ್ಲಿ ಉಂಡು, ಆಗಸ್ಟಿನಲ್ಲಿ ಬಲೆ ಎಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಮಾರಾಯ್ರೆ.

ಘಟ್ಟದ ಮೇಲಿನವ: ಚೆನ್ನಾಗಿದೆ, ಆದರೆ ರೈಲಿಗೆ ಬನ್ನಿ. ಸುಮಾರು 164 ಕಿ.ಮೀ. ದಾರಿ. ತೊಂಬತ್ತರ ದಶಕದಿಂದ ಕಾಗದದಲ್ಲೇ ಓಡುತ್ತಿದೆ. ನಡುವೆ ಪಶ್ಚಿಮ ಘಟ್ಟದ ಕಾಡು. ಸತ್ತಿದೆ ಅನ್ನದೆ ಇನ್ನೇನು ಅನ್ನಲಿ?

ಅಂಕೋಲೆಯವ: ಸತ್ತಿದೆಯೋ, ಸಾಯಲಿ ಅಂತ ನಿನಗೆ ಆಸೆಯೋ?

ಕುಮಟಾ ಅಕ್ಕೋರು: ಅದೇ ಪ್ರಶ್ನೆ. ಬ್ರಿಟನ್ನಿನ ಜಾನ್ ಬ್ರೈಟ್ ಜಾಸ್ತಿ ಜನಕ್ಕೆ ಮತ ಹಾಕುವ ಹಕ್ಕು ಸಿಗಬೇಕು ಅಂತ ಊರೂರು ಸುತ್ತಿ ಭಾಷಣ ಮಾಡಿದವರು. ಕೊನೆಗೆ ‘ಇದು ಸತ್ತ ಕುದುರೆಗೆ ಹೊಡೆದ ಹಾಗೆ’ ಅಂತ ಕೈಬಿಟ್ಟರಂತೆ ಅನ್ನುವ ಗುಲ್ಲನ್ನು 1859ರಲ್ಲಿ ಪತ್ರಿಕೆಯೊಂದು ಅಚ್ಚು ಹಾಕಿತ್ತು. 1867ರಲ್ಲಿ ಆ ಸುಧಾರಣೆಯ ಕಾಯ್ದೆ ಬಂದೇ ಬಂತು. ಎಂಟು ವರ್ಷಕ್ಕೆ ಕುದುರೆ ಎದ್ದು ನಿಂತಿತು!

ಘಟ್ಟದ ಮೇಲಿನವ: ಅವರ ದಾರಿಯಲ್ಲಿ ಕಾಡು ಇರಲಿಲ್ಲ ಅಕ್ಕೋರೆ.

ಬೈತಖೋಲ ಬೋಟಿನವ: ಹಾಗಾದರೆ ಕಾಡು ಬೇಕು ಅಂತಲೇ ನೇರ ಹೇಳು. ಕುದುರೆ ಮೇಲೆ ಯಾಕೆ ಹಾಕ್ತೀಯ?

ಘಟ್ಟದ ಮೇಲಿನವ: ಆಯ್ತು, ಕುದುರೆ ಮಾತು ವಾಪಸ್. ಸಹಿ ಮಾತ್ರ ಹಾಕುವುದಿಲ್ಲ.